ಮೂಲೆಯಿಂದ ಮೂಲೆಗೆ

“ಎರಡು ಗಂಟೆ ಆಯ್ತು. ಕೌಂಟರ್ ಕ್ಲೋಸ್,” ಎಂದಳು ಟೈಪಿಸ್ಟ್ ಕಮಲ, ತಲೆಯೆತ್ತದೆ.

“ನಂಗೆ ದುಡ್ಡು ಬೇಡ ಮೇಡಂ. ಈ ಟೇಪಿನ ತುದಿ ಹಿಡ್ಕೊಂಡ್ರೆ ಸಾಕು.”

ಆಗ ನೋಡಿದಳು. ಕಿವಿಯ ಮೇಲೆ ಪೆನ್ಸಿಲ್, ಕೂದಲಲ್ಲಿ ಸುಣ್ಣದ ಪುಡಿ. ಹೆಸರು ಯೋಗನರಸಿಂಹ; ಗುಬ್ಬಿಯವನು, ಡ್ರಾಫ್ಟ್ಸ್‌ಮನ್. ಎಪ್ಪತ್ತು ವರ್ಷ ಹಳೆಯದಾದ ಬ್ಯಾಂಕ್ ಕಟ್ಟಡವನ್ನು ರಿಪೇರಿಗೆ ಮುಂಚೆ ಅಳೆದು ನಕ್ಷೆ ಬರೆಯಲು ಬಂದಿದ್ದ. ಅದು ೧೯೭೮ರ ಜುಲೈ.

ಹೊರಗೆ ತುಮಕೂರು ಜಟಕಾ, ಸ್ಕೂಟರ್, ಹಾರನ್ನುಗಳಲ್ಲಿ ಮುಳುಗಿತ್ತು. ಒಳಗಿನ ಮಧ್ಯಾಹ್ನ ಬೇರೆ ಯಾವುದೋ ಊರಿನದು. ಎತ್ತರದ ಬಣ್ಣದ ಗಾಜಿನಿಂದ ಇಳಿದ ಬೆಳಕು ಕಲ್ಲುಕಂಬಗಳನ್ನು ಸುತ್ತಿ, ನೆಲದ ಮೇಲೆ ನಿಧಾನವಾಗಿ ಹರಡುತ್ತಿತ್ತು.

“ಗೋಡೆ ಅಳೆದ್ರೆ ಸಾಲ್ದಾ? ಮೂಲೆಯಿಂದ ಮೂಲೆಗೆ ಯಾಕೆ?” ಟೇಪಿನ ತುದಿ ಹಿಡಿದು ಕೇಳಿದಳು ಕಮಲ.

“ಹಳೇ ಕಟ್ಟಡ ಅಲ್ವಾ, ಗೋಡೆ ಸರಿಯಿದ್ರೂ ಮೂಲೆ ಮೋಸ ಮಾಡುತ್ತೆ. ಅಡ್ಡಡ್ಡ ಎರಡು ಸಲ ಅಳೆದ್ರೇನೇ ಗೊತ್ತಾಗೋದು. ಎರಡೂ ಒಂದೇ ಬರ್ಬೇಕು.”

ಒಂದು ಅಳತೆ ಇನ್ನೊಂದಕ್ಕಿಂತ ನಾಲ್ಕು ಇಂಚು ಹೆಚ್ಚು ಬಂತು.

“ನೋಡಿದ್ರಾ? ಎಷ್ಟು ನೆಟ್ಟಗೆ ಕಾಣುತ್ತೆ, ಆದ್ರೂ ಒಂದ್ ಕಡೆ ವಾಲಿದೆ.”

“ಕಟ್ಟಡ ತಾನೆ?”

“ಕಟ್ಟಡಾನೇ ಮೇಡಂ.” ಅವನ ಕಣ್ಣು ಮಾತ್ರ ಟೇಪಿನುದ್ದಕ್ಕೂ ನಡೆದು ಬಂದು ಅವಳ ಬೆರಳ ಬಳಿ ನಿಂತಿತು.

ದಿನವೂ ಬಂದ. ಕಿಟಕಿ, ಕಮಾನು, ಮೆಟ್ಟಿಲು. ಕಮಲ ಟೈಪ್‌ರೈಟರಿಗೆ ಮುಸುಕು ಹಾಕಿದ ಮೇಲೂ ಅರ್ಧ ಗಂಟೆ ಉಳಿಯುತ್ತಿದ್ದಳು.

“ಇದೇನ್ ಸ್ವಾಮಿ, ಮೈಸೂರು ಅರಮನೇನೂ ಇಷ್ಟೊತ್ತಿಗೆ ಅಳ್ದಾಗಿರೋದು, ಬುಡಿ!” ಎಂದು ಅಟೆಂಡರ್ ಬೆಟ್ಟಯ್ಯ ನಗುತ್ತಿದ್ದ.

ಕಮಲಳಿಗೆ ನಗು ಬರುತ್ತಿರಲಿಲ್ಲ. ಅಳತೆ ಮುಗಿದ ದಿನ ಇವನು ಬರುವುದೂ ಮುಗಿಯುತ್ತದೆ ಎಂಬುದೇ ಅವಳ ಭಯ.

ಆ ದಿನ ಬಂದೇಬಿಟ್ಟಿತು. ಶುಕ್ರವಾರ ಮ್ಯಾನೇಜರ್‌ಗೆ ಕೊಡುವ ಮುಂಚೆ ಅವನು ನಕ್ಷೆಯನ್ನು ಅವಳ ಮೇಜಿನ ಮೇಲೆ ಬಿಡಿಸಿದ. ಕೆಳಗಡೆ, ಬಲ ಮೂಲೆಯಲ್ಲಿ, ಬರೆದವನ ಹೆಸರು. ಅದರಡಿ ನಕ್ಷೆ ಮುಗಿಸಿದ ತಾರೀಕು: ೧೨-೭-೭೮.

ಗೋಡೆಯ ಕ್ಯಾಲೆಂಡರ್ ಇಪ್ಪತ್ತೆಂಟು ತೋರಿಸುತ್ತಿತ್ತು.

“ಹದಿನಾರು ದಿನದ ಹಿಂದೇನೇ ಮುಗಿಸಿದೀರ! ಮತ್ತೆ ನಿನ್ನೆ ಮೆಟ್ಟಿಲು ಅಳೆದ್ವಲ್ಲ, ಅದ್ಯಾತಕ್ಕೆ?”

ಅವನು ಬೆವೆತ. “ತಾರೀಕು ಹಾಕೋದು ಅಭ್ಯಾಸ. ಕೈ ತಾನೇ ಬರೆದ್ಬಿಟ್ಟಿದೆ.”

“ನಾನ್ ಕೇಳಿದ್ದು ಅದಲ್ಲ.”

“ಬರೋಕೆ ಬೇರೆ ನೆಪ ಇರ್ಲಿಲ್ಲ ಕಮಲ ಅವ್ರೆ. ನೀವಂದ್ರೆ ನಂಗಿಷ್ಟ.”

ಎಲ್ಲೋ ಮೇಲೆ ಫ್ಯಾನು ತಿರುಗುತ್ತಿತ್ತು. ಕಾಲಡಿಯ ಕಲ್ಲುನೆಲ ಹಗುರವಾಗಿ ತೇಲಿದಂತಾಯಿತು ಅವಳಿಗೆ.

“ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ? ನಿಮ್ತಂದೆ ಒಪ್ತಾರಾ?”

“ಅವಸರ ನೋಡಿ! ಅಪ್ಪ ಒಪ್ಪೋಕ್ ಮುಂಚೆ ನಾನು ಒಪ್ಪಬೇಡ್ವಾ?”

“ಒಪ್ತೀರಾ?”

ಅವಳು ನಕ್ಷೆಯನ್ನು ಸುತ್ತಿ ಅವನ ಕೈಗಿಟ್ಟಳು. “ಮೊದ್ಲು ಇದನ್ನ ಕೊಟ್ಬನ್ನಿ. ಅಮಾನಿಕೆರೆ ತನಕ ನಡ್ಕೊಂಡು ಹೋಗೋಣ. ಅಲ್ಲಿ ಹೇಳ್ತೀನಿ.”

ಅವನು ಮ್ಯಾನೇಜರ್ ಕೋಣೆಯ ಬಾಗಿಲು ಮುಟ್ಟಿದ್ದನಷ್ಟೆ. ಕೆರೆ ತನಕ ಕಾಯಲು ಅವಳಿಂದಲೇ ಆಗಲಿಲ್ಲ.

“ಒಪ್ದೆ ಕಣ್ರೀ. ಬೇಗ ಬನ್ನಿ.”