ಹೆಗಲ ಮೇಲಿನ ಮೂರು ಬೆರಳು

"ಈ ಬೆರಳು ಯಾರದ್ದು ಅಂತ ನಿಮಗೆ ಗೊತ್ತಾ?"

ಮೇಜಿನ ಮೇಲೆ ಪಟ್ಟನೆ ಬಿದ್ದ ಪತ್ರಿಕೆಯ ಸದ್ದಿಗೆ ಅವಳ ಕೈಯಲ್ಲಿದ್ದ ಚಹಾ ತುಳುಕಿತು. ಬೆಚ್ಚಿ ತಲೆ ಎತ್ತಿದಳು. ಎದುರಿಗೆ ಎತ್ತರದ ಯುವಕ. ಹೆಗಲಲ್ಲಿ ಕ್ಯಾಮೆರಾ ಚೀಲ, ಕಣ್ಣಲ್ಲಿ ಕೆಂಡ!

ಮೇಜಿನ ಮೇಲಿದ್ದದ್ದು ಅವಳೇ ಮಾಡಿದ ಮುಖಪುಟ. ಕೆಂಪು ಹಿನ್ನೆಲೆ, ಹಳದಿ ಅಕ್ಷರ, ನಾಯಕಿಯ ಅಗಲವಾದ ನಗು, ಅಂಚಲ್ಲೊಂದು ಹೂದಾನಿ. ಎಲ್ಲ ಸರಿಯಾಗಿತ್ತು. ಆದರೆ ನಾಯಕಿಯ ಎಡ ಹೆಗಲ ಮೇಲೆ ಮೂರು ಬೆರಳು ಕೂತಿದ್ದವು. ಕೈ ಇಲ್ಲ, ತೋಳಿಲ್ಲ, ಆ ಬೆರಳಿನ ಮನುಷ್ಯರೇ ಇಲ್ಲ!

ಬೆಳಗ್ಗೆಯಿಂದ ಎಲ್ಲರ ಬಾಯಲ್ಲೂ ಅದೇ ನಗೆ. ಸಿನಿಮಾ ಪತ್ರಿಕೆಗೆ ದೆವ್ವ ಹೊಕ್ಕಿದೆಯಂತೆ, ನಾಯಕಿ ಬೆರಳನ್ನು ಬಾಡಿಗೆಗೆ ತಂದಿದ್ದಾಳಂತೆ... ಏನೇನೋ.

"ನಮ್ಮ ಚಿಕ್ಕಮ್ಮಂದು," ಅಂದ ಅವನು. ಈಗ ದನಿಯಲ್ಲಿ ಸಿಟ್ಟಿಗಿಂತ ನಡುಕವೇ ಹೆಚ್ಚಿತ್ತು. "ನನ್ನನ್ನ ಸಾಕಿದವರು. ಇಷ್ಟು ವರ್ಷ ಸಿನಿಮಾದಲ್ಲಿ ಹಿಂದೆ ನಿಲ್ಲೋ ತಾಯಿ, ಹಿಂದೆ ನಿಲ್ಲೋ ನರ್ಸು, ಹಿಂದೆ ನಿಲ್ಲೋ ಪಕ್ಕದ ಮನೆಯವಳು. ಮೊದಲ ಸಲ ಮುಖಪುಟದ ಫೋಟೋದಲ್ಲಿ ನಿಂತಿದ್ರು. ಆ ಫೋಟೋ ತೆಗೆದವನು ನಾನು. ಬೀದಿಗೆಲ್ಲ ಹೇಳ್ಕೊಂಡು ಬಂದಿದ್ರು ಕಣ್ರೀ... ಯಾರು ಕತ್ತರಿಸಿದ್ದು?"

'ನಾನೇ.'

ಒಳಗೆ ಉತ್ತರ ಸಿದ್ಧವಿತ್ತು. ಅದಕ್ಕೆ ಬಾಯಿಗೆ ಬರುವ ಧೈರ್ಯ ಇರಲಿಲ್ಲ.

"ಅದು... ಪ್ರೆಸ್ಸಲ್ಲಿ ಆದ ಎಡವಟ್ಟು," ಅಂದಳು. "ಯಂತ್ರ... ಅಂಚನ್ನ ಹೆಚ್ಚು ಕೊಯ್ದುಬಿಟ್ಟಿದೆ."

ಅವನ ಮುಖದ ಬಿಗಿ ನಿಧಾನವಾಗಿ ಸಡಿಲಾಯಿತು. "ಅಯ್ಯೋ... ಸಾರಿ. ಸುಮ್ಮನೆ ನಿಮ್ಮ ಮೇಲೆ ಕೂಗಾಡಿದೆ."

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕ್ಷಮೆ ಕೇಳಿದನಲ್ಲ, ಅದು ನೇರ ಎದೆಗೆ ನಾಟಿತು.

ಕಚೇರಿಯಲ್ಲಿ ಅವಳನ್ನು ಎಲ್ಲರೂ 'ಕತ್ತರಿ' ಎಂದೇ ಕರೆಯುತ್ತಿದ್ದರು. ಯಾವ ಫೋಟೋ ಕೊಟ್ಟರೂ ಬೇಡದ್ದನ್ನು ಕತ್ತರಿಸಿ ಎಸೆದು, ಬೇಕಾದ್ದನ್ನು ಮಾತ್ರ ಉಳಿಸುವ ಕೈ ಅವಳದು. ಅದರಲ್ಲಿ ಅವಳಿಗೆ ಜಂಬವೂ ಇತ್ತೆನ್ನಿ!

ಒಂದೇ ಪತ್ರಿಕೆಗೆ ಎರಡು ಮುಖಪುಟ ಮಾಡುವುದು ಅವರ ಪದ್ಧತಿ. ಅಂಗಡಿ ಪ್ರತಿಗೆ ಒಂದು, ಚಂದಾದಾರರ ಮನೆಗೆ ಹೋಗುವ ಪ್ರತಿಗೆ ಇನ್ನೊಂದು. ಅಂಗಡಿ ಪ್ರತಿ ಕೊಳ್ಳುವವರು ಕಾಲೇಜಿನ ಹುಡುಗ ಹುಡುಗಿಯರು. ಅದು ದೂರದಿಂದಲೇ ಕೂಗಿ ಕರೆಯಬೇಕು. ಮನೆ ಪ್ರತಿ ಹೆಚ್ಚಾಗಿ ಗೃಹಿಣಿಯರ ಕೈಗೆ ಹೋಗುವುದು, ತಿಂಗಳಿಡೀ ಮೇಜಿನ ಮೇಲೆ ಬಿದ್ದಿರುವುದು. ಅದಕ್ಕೆ ತಣ್ಣನೆಯ ಬಣ್ಣ, ಕೂಗಾಟ ಇಲ್ಲ. ಆ ತಿಂಗಳು ಮನೆ ಪ್ರತಿಗೆ ನಾಯಕಿಯ ಬೇರೆಯದೇ ಫೋಟೋ ಇತ್ತು. ಚಿಕ್ಕಮ್ಮ ಇದ್ದದ್ದು ಅಂಗಡಿ ಪ್ರತಿಯ ಫೋಟೋದಲ್ಲಿ ಮಾತ್ರ.

ಆ ಫೋಟೋವನ್ನು ಸಭೆಯಲ್ಲಿ ಪರದೆಯ ಮೇಲೆ ಹಾಕಿದಾಗ ಅವಳು ಆ ಹಿರಿಯ ಹೆಂಗಸಿನ ಮುಖವನ್ನು ಚೆನ್ನಾಗಿಯೇ ನೋಡಿದ್ದಳು. ನೋಡಿಯೇ ಅಂದಿದ್ದಳು, "ಸುಕ್ಕು ಮಾರಾಟ ಆಗಲ್ಲ. ತೆಗೆದುಬಿಡೋಣ."

ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಬೆರಳನ್ನು ಆಮೇಲೆ ಅಳಿಸಿದರಾಯಿತು ಅಂದುಕೊಂಡವಳು ಹಳದಿ ಅಕ್ಷರ ದೊಡ್ಡದು ಮಾಡುವ ಗಡಿಬಿಡಿಯಲ್ಲಿ ಮರೆತೇಬಿಟ್ಟಿದ್ದಳು. ಅಷ್ಟೇ ನಡೆದದ್ದು.

ಇಲ್ಲಿಗೆ ಮುಗಿದಿದ್ದರೆ ಅವಳು ಬಚಾವಾಗುತ್ತಿದ್ದಳು. ಆದರೆ ಅವನು ಮತ್ತೆ ಬಂದ! ಮೊದಲು ಹೊಸ ಫೋಟೋಗಳನ್ನು ಕೊಡಲು. ಆಮೇಲೆ ಕೊಟ್ಟ ಫೋಟೋಗಳು ತಲುಪಿದವಾ ಎಂದು ಕೇಳಲು. ಆಮೇಲಾಮೇಲೆ ನೆಪ ಹುಡುಕುವ ಗೋಜಿಗೂ ಹೋಗಲಿಲ್ಲ.

ಒಂದು ಸಂಜೆ ಅವನನ್ನು ಬಸ್ ನಿಲ್ದಾಣದ ಪುಸ್ತಕದಂಗಡಿಯ ಎದುರು ನಿಲ್ಲಿಸಿದಳು.

"ನೋಡಿ, ಪತ್ರಿಕೆಗಳನ್ನ ಒಂದರ ಮೇಲೊಂದು ಜೋಡಿಸಿದ್ದಾರೆ. ಕಾಣೋದು ಮೇಲಿನ ಭಾಗ ಮಾತ್ರ. ಅದಕ್ಕೇ ಕಣ್ಣು ಅಲ್ಲಿರಬೇಕು. ಕೊಳ್ಳೋನನ್ನ ನೇರ ನೋಡೋ ಕಣ್ಣು!"

"ಅಂದ್ರೆ ನಾಯಕಿ ನೋಡ್ತಾ ಇರೋದು ನನ್ನನ್ನೇ ಅಂತ ಪ್ರತಿಯೊಬ್ಬನಿಗೂ ಅನ್ನಿಸಬೇಕು?"

"ಹ್ಞೂಂ. ಮನೆ ಪ್ರತೀಲಿ ಹಾಗಲ್ಲ. ಅಲ್ಲಿ ಫೋಟೋದಲ್ಲಿರೋರು ಒಬ್ಬರನ್ನೊಬ್ಬರು ನೋಡ್ತಿರಬೇಕು. ಮನೇಲಿರೋರಿಗೆ ಅದು ಇಷ್ಟ."

"ನನಗೂ ಅದೇ ಇಷ್ಟ," ಅಂದ ಅವನು, ಅವಳನ್ನೇ ನೋಡುತ್ತಾ.

ಅವಳ ಕೆನ್ನೆ ಬಿಸಿಯಾಯಿತು. ನೋಟ ಎತ್ತ ತಿರುಗಿಸಬೇಕೋ ತಿಳಿಯದೆ ಅಂಗಡಿಯ ಕಡೆ ತಿರುಗಿದರೆ, ಅಲ್ಲಿ ಮೂರು ಬೆರಳು! ಹಳೆಯ ಸಂಚಿಕೆ ಇನ್ನೂ ನೇತಾಡುತ್ತಿತ್ತು.

"ಅಂದ ಹಾಗೆ, ನಿಮ್ಮನ್ನ ಎಲ್ಲರೂ ಕತ್ತರಿ ಅಂತಾರಲ್ಲ, ಯಾಕೆ?"

"ಅದಾ... ಮಾತು ಸ್ವಲ್ಪ ಹರಿತ ಅಂತ."

ಸುಳ್ಳಿಗೆ ಮತ್ತೊಂದು ಸುಳ್ಳು ಜೊತೆಯಾಯಿತು. ಕಚೇರಿಯಲ್ಲೂ ಅವಳು ಬೆರಳು ಉಳಿದದ್ದು ಯಂತ್ರದ ತಪ್ಪೆಂದೇ ಹೇಳಿದ್ದಳು. ಅತ್ತ ಯಂತ್ರ ಕೆಡಿಸಿದ್ದಕ್ಕೆಂದು ಪ್ರೆಸ್ಸಿನ ಮೇಸ್ತ್ರಿ ಬೈಸಿಕೊಂಡಿದ್ದ. ಪಾಪ, ಅವನು ಯಂತ್ರವನ್ನು ಬಿಚ್ಚಿ ನೋಡಿ, ಏನೂ ಸಿಗದೆ ತಲೆ ಕೆರೆದುಕೊಳ್ಳುತ್ತಿದ್ದ. ಅವನನ್ನು ಕಂಡರೆ ಇವಳು ಮೆಟ್ಟಿಲ ದಾರಿ ಬಿಟ್ಟು ಹಿಂಬಾಗಿಲಿಂದ ಹೋಗುತ್ತಿದ್ದಳು.

'ಇವತ್ತು ಹೇಳ್ತೀನಿ... ಇಲ್ಲ, ನಾಳೆ.' ದಿನವೂ ಇದೇ ಆಯಿತು. ಪ್ರೀತಿ ಬೆಳೆದಷ್ಟೂ ಹೇಳುವುದು ಕಷ್ಟವಾಯಿತು.

"ಭಾನುವಾರ ಮನೆಗೆ ಬನ್ನಿ. ಚಿಕ್ಕಮ್ಮ ನಿಮ್ಮನ್ನ ನೋಡಬೇಕಂತೆ," ಅಂದ ಒಮ್ಮೆ.

ಅವಳು ಹ್ಞೂಂ ಅಂದುಬಿಟ್ಟಳು.

ಸಣ್ಣ ಮನೆ. ಕಿಟಕಿಗೆ ನೀಲಿ ಪರದೆ, ಮೂಲೆಯಲ್ಲಿ ದೊಡ್ಡ ಕನ್ನಡಿ. ಚಿಕ್ಕಮ್ಮ ಬಾಗಿಲಲ್ಲೇ ಅವಳ ಗಲ್ಲ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದರು. "ನಿನ್ನದು ಬಲಗಡೆ ಮುಖ ಚೆಂದ. ನನ್ನದು ಎಡಗಡೆ. ಬಾ ಒಳಗೆ."

ಒಳಗೆ ಕಾಲಿಟ್ಟವಳು ಕಲ್ಲಿನಂತೆ ನಿಂತುಬಿಟ್ಟಳು.

ಗೋಡೆಯ ಮೇಲೆ ಆ ಮುಖಪುಟ! ಚಿನ್ನದ ಬಣ್ಣದ ಚೌಕಟ್ಟು ಹಾಕಿಸಿದ್ದರು.

"ನೋಡಿದ್ಯಾ?" ಚಿಕ್ಕಮ್ಮ ಗಾಜಿನ ಮೇಲೆ ಬೆರಳಿಟ್ಟರು. "ಇವು ನನ್ನವು. ಬಂದವರಿಗೆಲ್ಲ ತೋರಿಸ್ತೀನಿ. ಯಾರೂ ನಂಬಲ್ಲ. ಆಗ ಹೀಗೆ ಪಕ್ಕದಲ್ಲಿ ಕೈ ಇಟ್ಟು ತೋರಿಸ್ತೀನಿ. ಈ ಉಗುರು ಸೊಟ್ಟ ಇದೆಯಲ್ಲ, ಅದರಲ್ಲೂ ಸೊಟ್ಟ!"

ಚಿಕ್ಕಮ್ಮ ನಕ್ಕರು. ಅವನೂ ನಕ್ಕ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವಳಿಗೆ. ಚಹಾದ ಲೋಟ ಕೈಗೆ ಬಂತು. ಅದನ್ನು ಕೆಳಗಿಟ್ಟಳು.

"ನಾನೇ ಕತ್ತರಿಸಿದ್ದು."

ನಗು ನಿಂತಿತು.

"ಯಂತ್ರ ಅಲ್ಲ. ನಾನು. ತಪ್ಪಿ ಕತ್ತರಿಸಿದ್ದೂ ಅಲ್ಲ. ನಿಮ್ಮ ಮುಖ ನೋಡಿ... ಸುಕ್ಕು ಮಾರಾಟ ಆಗಲ್ಲ ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ." ಅವಳು ತಲೆ ಎತ್ತಲಿಲ್ಲ. "ಅದಕ್ಕೇ ನನ್ನನ್ನ ಕತ್ತರಿ ಅನ್ನೋದು."

ಚಿಕ್ಕಮ್ಮ ಗೋಡೆಯ ಚೌಕಟ್ಟಿನ ಕಡೆ ನೋಡಿದರು.

"ನನಗೆ ಅವತ್ತೇ ಅನುಮಾನ ಬಂದಿತ್ತು," ಅಂದರು ಚಿಕ್ಕಮ್ಮ ಕೊನೆಗೆ. "ನನ್ನ ಪಕ್ಕದಲ್ಲಿದ್ದ ಹೂದಾನಿ ಮುಖಪುಟದಲ್ಲಿ ಹಾಗೇ ಇತ್ತು. ಯಂತ್ರ ಆಗಿದ್ರೆ ಅದನ್ನೂ ಕೊಯ್ಯಬೇಕಿತ್ತು ತಾನೇ?" ಅವರ ತುಟಿ ನಗಲು ನೋಡಿತು, ಆಗಲಿಲ್ಲ. ಮೆಲ್ಲನೆ ಎದ್ದು ಒಳಗೆ ಹೋದರು. ಹೋಗುವಾಗ ಕನ್ನಡಿಯ ಕಡೆ ನೋಡಲಿಲ್ಲ.

ಅವನು ಬಾಗಿಲ ಬಳಿ ನಿಂತಿದ್ದ. "ಕತ್ತರಿಸಿದ್ದು ನಿಮ್ಮ ಕೆಲಸ. ಅದನ್ನ ಹೇಗೋ ನುಂಗಿಕೊಳ್ತಿದ್ದೆ. ಆದ್ರೆ ನಾನು ನಿಮಗೆ ಸಾರಿ ಕೇಳಿದ್ದೆ... ನೀವು ಕೇಳಿಸಿಕೊಂಡು ಸುಮ್ಮನಿದ್ರಿ!"

ಅವಳು ಚೀಲ ಎತ್ತಿಕೊಂಡಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಅವನು ತಡೆಯಲಿಲ್ಲ.

ಮರುದಿನ ಹಿಂಬಾಗಿಲಿಂದ ಹೋಗಲಿಲ್ಲ. ನೇರ ಪ್ರೆಸ್ಸಿಗೆ ಹೋಗಿ ಮೇಸ್ತ್ರಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು.

"ಅಲ್ಲಮ್ಮ, ಮೊದಲೇ ಹೇಳಿದ್ರೆ ಆಗ್ತಿರಲಿಲ್ವಾ? ಯಂತ್ರ ಬಿಚ್ಚಿ ಬಿಚ್ಚಿ ನನ್ನ ಸೊಂಟ ಬಿದ್ದುಹೋಯ್ತು!" ಅಂದ ಅವನು. ಕೈ ಒರೆಸಿಕೊಂಡು ಬೆನ್ನು ತಿರುಗಿಸಿದ. ಕ್ಷಮಿಸಿದನೋ ಇಲ್ಲವೋ ತಿಳಿಯಲಿಲ್ಲ. ಕೇಳುವ ಹಕ್ಕು ತನಗಿಲ್ಲ ಎಂದುಕೊಂಡಳು.

ಆಮೇಲೆ ಸಭೆ. ಅಂದು ನಕ್ಕಿದ್ದ ಅದೇ ಜನ. ಸಂಪಾದಕಿ ಕನ್ನಡಕ ಏರಿಸಿಕೊಂಡು ಕೂತಿದ್ದರು. ಅವಳು ಎದ್ದು ನಿಂತು, ಬೆರಳು ಉಳಿಸಿದ್ದು ತಾನು, ಮೇಸ್ತ್ರಿಯ ಮೇಲೆ ತಪ್ಪು ಹೊರಿಸಿದ್ದೂ ತಾನು ಎಂದಳು. ಕಿವಿಯವರೆಗೆ ಮುಖ ಕೆಂಪಾಗಿತ್ತು.

"ಸರಿ. ಈಗ ಏನು ಮಾಡಬೇಕು ಅಂತೀಯ?"

"ಮುಂದಿನ ಮನೆ ಪ್ರತಿಯ ಮುಖಪುಟದಲ್ಲಿ ಅವರನ್ನ ಹಾಕೋಣ ಮೇಡಂ."

"ನಿನ್ನ ಪಶ್ಚಾತ್ತಾಪಕ್ಕೆ ನನ್ನ ಮುಖಪುಟ ಕೊಡಕ್ಕಾಗಲ್ಲ."

"ಪಶ್ಚಾತ್ತಾಪಕ್ಕಲ್ಲ. ಮನೆ ಪ್ರತಿ ಓದೋರು ಯಾರು? ಅಮ್ಮಂದಿರು, ಅತ್ತೆಯಂದಿರು, ಚಿಕ್ಕಮ್ಮಂದಿರು. ಅವರಿಗೆ ಅಂತ ತಣ್ಣನೆ ಬಣ್ಣ ಹಾಕ್ತೀವಿ, ಅಕ್ಷರ ಸಣ್ಣದು ಮಾಡ್ತೀವಿ. ಆದ್ರೆ ಅವರ ವಯಸ್ಸಿನ ಒಂದು ಮುಖ ಇವತ್ತಿನವರೆಗೂ ಹಾಕಿಲ್ಲ! ಅವರಿಗೆ ಏನು ಇಷ್ಟ ಅಂತ ನಾವೇ ತೀರ್ಮಾನ ಮಾಡ್ಬಿಟ್ಟಿದೀವಿ. ಒಮ್ಮೆ ಕೇಳೋಣ."

ಸಂಪಾದಕಿ ಮೂಲ ಫೋಟೋವನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು. "ಮಾತು ಸರಿ. ಫೋಟೋ ಸರಿಯಿಲ್ಲ. ಆಕೆ ಅಂಚಲ್ಲಿದ್ದಾರೆ ನೋಡು. ತೆಗೆದವನೇ ಕತ್ತರಿಸೋಕೆ ಜಾಗ ಬಿಟ್ಟು ತೆಗೆದಿದ್ದಾನೆ. ಹೊಸದು ತಗೊಂಡು ಬಾ."

ಅವಳು ಬಗ್ಗಿ ನೋಡಿದಳು. ಹೌದು! ನಾಯಕಿ ನಟ್ಟನಡುವೆ. ಚಿಕ್ಕಮ್ಮ ಅಂಚಿಗೆ ಅಂಟಿಕೊಂಡಂತೆ. ದಿನಾ ಫೋಟೋ ಕತ್ತರಿಸುವವಳಿಗೆ ಇದು ಹೊಳೆದೇ ಇರಲಿಲ್ಲ. ಫೋಟೋವನ್ನು ಮಡಚದೆ ಚೀಲದೊಳಗಿಟ್ಟಳು. ಯಾರಿಗೂ ಏನೂ ಹೇಳಲಿಲ್ಲ.

ಮತ್ತೆ ಆ ಬಾಗಿಲು. ತೆರೆದದ್ದು ಚಿಕ್ಕಮ್ಮ.

"ನಾನು ಕ್ಷಮೆ ಕೇಳೋಕೆ ಬಂದಿಲ್ಲ. ಕೇಳಿದ್ರೆ ನೀವು ಕೊಟ್ಟುಬಿಡ್ತೀರ. ಮುಖಪುಟಕ್ಕೆ ನಿಮ್ಮ ಫೋಟೋ ಬೇಕು. ಪತ್ರಿಕೆ ಕೇಳ್ತಿದೆ."

"ಕನಿಕರಕ್ಕಾದ್ರೆ ಬೇಡ."

"ಕನಿಕರಕ್ಕೆ ನಮ್ಮ ಸಂಪಾದಕಿ ಒಂದು ಮೂಲೆಯನ್ನೂ ಕೊಡಲ್ಲ."

ಚಿಕ್ಕಮ್ಮ ಅವಳನ್ನು ಅಳೆಯುವಂತೆ ನೋಡಿದರು. "ಎಡಗಡೆಯಿಂದ ತೆಗೀಬೇಕು," ಅಂದು ಸೀರೆ ಬದಲಾಯಿಸಲು ಒಳಗೆ ನಡೆದರು.

ಅಂಗಳದಲ್ಲಿ ಅವನು ಲೆನ್ಸ್ ಒರೆಸುತ್ತ ಕೂತಿದ್ದ. ಅವಳು ಹತ್ತಿರ ಬಂದಾಗ ತಲೆ ಎತ್ತದೆಯೇ ಕೇಳಿದ.

"ಮೂಲ ಫೋಟೋ ನೋಡಿದ್ರಾ?"

"ನೋಡಿದೆ."

"ಅವರು ಎಲ್ಲಿ ನಿಂತಿದ್ದಾರೆ ಅಂತಾನೂ?"

ಅವಳು ಹೌದೆಂದು ತಲೆಯಾಡಿಸಿದಳು.

"ನಾನೇ ನಿಲ್ಲಿಸಿದ್ದು," ಅವನ ದನಿ ಒಡೆಯಿತು. "ಮುಖಪುಟದಲ್ಲಿ ಬರ್ತೀರಿ ಅಂತ ಮಾತು ಕೊಟ್ಟು, ಅಂಚಲ್ಲಿ ನಿಲ್ಲಿಸಿದೆ. ಮಧ್ಯದಲ್ಲಿ ನಿಲ್ಲಿಸಿದ್ರೆ ಆ ಫೋಟೋನೇ ತಗೊಳಲ್ಲ ಅಂತ ಭಯ ಆಯ್ತು. ನಿಮ್ಮ ಕತ್ತರಿಗೆ ಜಾಗ ಬಿಟ್ಟುಕೊಟ್ಟವನು ನಾನು. ಆಮೇಲೆ ಬಂದು ನಿಮ್ಮ ಮೇಜಿನ ಮೇಲೆ ಎಗರಾಡಿದೆ! ಸೆಟ್ಟಿನಲ್ಲಿ ಅವರು ನನ್ನ ಚಿಕ್ಕಮ್ಮ ಅಂತ ಒಬ್ಬರಿಗೂ ಹೇಳಿರಲಿಲ್ಲ, ಗೊತ್ತಾ? ನಾಚಿಕೆ ಆಗ್ತಿತ್ತು. ಈಗ ಆ ನಾಚಿಕೆಗೇ ನಾಚಿಕೆ ಆಗ್ತಿದೆ..."

ಅವಳು ಅವನ ಪಕ್ಕದಲ್ಲಿ ಮೆಲ್ಲನೆ ಕೂತಳು.

"ನೋಡಿದ ಮೇಲೂ ಯಾಕೆ ಕೇಳಲಿಲ್ಲ? ನನ್ನ ಬಾಯಿ ಮುಚ್ಚಿಸಬಹುದಿತ್ತು."

"ನಿಮ್ಮ ತಪ್ಪು ತೋರಿಸಿದ್ರೆ ನನ್ನದು ಕಡಿಮೆ ಆಗುತ್ತಾ?"

ಅವನ ಕಣ್ಣು ತುಂಬಿ ಬಂತು. "ನಿಮ್ಮನ್ನ ಬಿಟ್ಟು ಇರೋಕೆ ನೋಡಿದೆ. ಆಗ್ತಿಲ್ಲ. ನಾನು... ನಿಮ್ಮನ್ನ ಪ್ರೀತಿಸ್ತೀನಿ. ಇನ್ನು ಸುಳ್ಳು ಬೇಡ. ನಿಮ್ಮದೂ ಬೇಡ, ನನ್ನದೂ ಬೇಡ."

"ಬೇಡ," ಅಂದಳು. ಅಳುವೂ ನಗುವೂ ಒಟ್ಟಿಗೇ ಬಂದವು. "ನಾನೂ... ಅವತ್ತು ಅಂಗಡಿ ಮುಂದೆ ನಿಂತಾಗಿನಿಂದಲೇ."

"ಬೆಳಕು ಹೋಗ್ತಿದೆ! ನಿಮ್ಮ ಗೋಳು ಆಮೇಲೆ ಇಟ್ಕೊಳ್ಳಿ!" ಬಾಗಿಲಲ್ಲಿ ಚಿಕ್ಕಮ್ಮ. ಹಸಿರು ಸೀರೆ, ಹಣೆಯ ಗೆರೆಗಳ ಮೇಲೆ ಒಂದಿಷ್ಟೂ ಪೌಡರ್ ಇಲ್ಲ.

ಅವನು ಅವರನ್ನು ನಟ್ಟನಡುವೆ ಕೂರಿಸಿದ. ಒಂದರ ಮೇಲೊಂದು ಫೋಟೋ ತೆಗೆದ. ಯಾವ ಕಡೆಯಿಂದಲೂ ಕತ್ತರಿಸಲು ಜಾಗ ಬಿಡಲಿಲ್ಲ. ಮುಖಪುಟಕ್ಕೆ ಬೇಕಾದ್ದು ಸಿಕ್ಕಿತು.

"ಈಗ ಮನೆಗೊಂದು," ಅಂದ, ಕ್ಯಾಮೆರಾವನ್ನು ಮೇಜಿನ ಮೇಲಿಟ್ಟು ಅದು ತಾನೇ ತೆಗೆದುಕೊಳ್ಳುವಂತೆ ಸರಿಮಾಡುತ್ತಾ. "ಆ ಗೋಡೆ ಮೇಲಿನದನ್ನ ಇಳಿಸಬೇಕು. ನೀವೂ ಬನ್ನಿ."

ಅವಳು ಸಂಕೋಚದಿಂದ ಬಂದು ಒಂದು ತುದಿಯಲ್ಲಿ, ಮೈ ಹಿಡಿ ಮಾಡಿಕೊಂಡು ನಿಂತಳು.

"ಅಲ್ಲಿ ನಿಲ್ಲಬೇಡ," ಅಂದ ಅವನು. ಮೊದಲ ಸಲ ಬಹುವಚನ ಬಿಟ್ಟಿದ್ದ. "ಅಂಚಲ್ಲಿ ನಿಂತೋರ ಗತಿ ನಮಗಿಬ್ಬರಿಗೂ ಗೊತ್ತಲ್ವಾ?"

"ಮತ್ತೆ ಎಲ್ಲಿ ನಿಲ್ಲಲಿ?"

"ಇಲ್ಲಿ ಬಾರೇ," ಚಿಕ್ಕಮ್ಮ ಅವಳನ್ನು ಎಳೆದು ತಮ್ಮ ಮಗ್ಗುಲಲ್ಲೇ ಕೂರಿಸಿಕೊಂಡರು. ಇನ್ನೊಂದು ಮಗ್ಗುಲಿಗೆ ಅವನು ಓಡಿ ಬಂದ. ಚಿಕ್ಕಮ್ಮ ಕೈ ಎತ್ತಿ ಅವಳ ಹೆಗಲ ಮೇಲಿಟ್ಟರು.

"ಸರಿಯಾಗಿ ನೋಡ್ಕೋ, ಐದೂ ಬೆರಳು ಇವೆ," ಅಂದರು. "ಇನ್ನು ಕಳೀಬೇಡ."

"ಇಲ್ಲ ಚಿಕ್ಕಮ್ಮ," ಅಂದಳು ಅವಳು, ಆ ಕೈಯ ಮೇಲೆ ತನ್ನ ಕೈ ಇಡುತ್ತಾ.