ಎರಡನೇ ಮೆಷಿನ್ನಿನ ಏಟುಗಳು

ದುರ್ಗಾ ಕತ್ತಿ ಎತ್ತಿದ್ದಳು. ಕೋಳಿಯ ತೊಡೆ ಮರದ ದಿಮ್ಮಿಯ ಮೇಲಿತ್ತು. ಎದುರಿಗೆ ಒಬ್ಬ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ.

"ಒಂದು ಕೆ.ಜಿ.ನಾ, ಅರ್ಧನಾ?"

"ನಾ ತಿನ್ನಂಗಿಲ್ಲ."

ಕತ್ತಿ ಕೆಳಗಿಳಿಯಿತು. ಎಲುಬು ಎರಡಾಯಿತು. ತಲೆ ಎತ್ತದೆಯೇ ಅವಳಿಗೆ ಯಾರೆಂದು ಗೊತ್ತಾಯಿತು. ಹದಿನೈದು ವರ್ಷದಲ್ಲಿ ದನಿ ಒಂದಿಷ್ಟು ದಪ್ಪವಾಗಿತ್ತು, ಅಷ್ಟೇ.

ಬಕ್ಕೇಶ್ ಹೆಲ್ಮೆಟ್ ತೆಗೆದ. ಅಂಗಡಿಯ ವಾಸನೆ ಬಡಿದ ಕೂಡಲೇ ಉಸಿರು ಹಿಡಿದ. ಅಂಗಿಯ ಗುಂಡಿಗಳ ಸಂದಿಯಲ್ಲಿ ಲಿಂಗದ ದಾರ ಕಾಣುತ್ತಿತ್ತು. ಬಲಗೈಯ ಕೊನೆಯ ಎರಡು ಬೆರಳು ಕೊಕ್ಕೆಯ ಹಾಗೆ ಒಳಕ್ಕೆ ಬಾಗಿದ್ದವು. ಅವಳು ಆ ಬೆರಳುಗಳನ್ನು ನೋಡಿದಳು. ಅವಳು ನೋಡಿದ್ದನ್ನು ಅವನು ನೋಡಿದ.

"ಉಸಿರಾಡೋ. ಸಾಯ್ತೀಯ."

"ಸತ್ರೆ ನಿಮ್ಮಂಗಡಿ ಹೆಸರು ಕೆಡ್ತೈತೆ."

"ಇಲ್ಲಿಗೆ ಬರೋರೆಲ್ಲ ಸಾಯೋಕೇ ಬರೋದು," ಅಂದು ಅವಳು ಪಂಜರದ ಕಡೆ ಗಲ್ಲದಿಂದ ತೋರಿಸಿದಳು.

ಅವನ ತುಟಿ ನಗಲು ಹೊರಟು ಅರ್ಧದಲ್ಲಿ ನಿಂತಿತು. ಬ್ಯಾಗಿನಿಂದ ಹಳೆಯ ನೋಟ್‌ಬುಕ್ಕೊಂದನ್ನು ತೆಗೆದು ತಕ್ಕಡಿಯ ಮೇಲೆ ಇಟ್ಟ. ತಕ್ಕಡಿ ನೂರಾ ಮೂವತ್ತು ಗ್ರಾಂ ಅಂತ ತೋರಿಸಿತು.

"ಅವತ್ತು ಶಟರ್ ಮುಂದೆ ನೀ ಒಂದು ಸುಳ್ಳು ಹೇಳಿದೆ. ನಾ ಸುಮ್ನಿದ್ದೆ," ಅಂದ. "ಆಮೇಲೆ ನೂರು ಪುಟ ಸುಳ್ಳು ಬರೆದೂ ಕೊಟ್ಟೆಯಾ?"

ಈಗ ಅವಳ ಅಣ್ಣ ಯೋಗರಾಜನ ಕೋಳಿ ಅಂಗಡಿಯಾಗಿರುವ ಜಾಗ ಆಗ ಅಪ್ಪ ಉಚ್ಚೆಂಗಪ್ಪನ ವಿಡಿಯೋ ಗೇಮ್ ಪಾರ್ಲರ್. ನಾಲ್ಕು ಮೆಷಿನ್ನುಗಳಿದ್ದವು. ದಾವಣಗೆರೆಯ ಅರ್ಧ ಹುಡುಗರು ಸ್ಕೂಲು ತಪ್ಪಿಸಿ ಅಲ್ಲಿರುತ್ತಿದ್ದರು. ಎಲ್ಲರಿಗೂ ಬೇಕಾಗಿದ್ದು 'ಬ್ಲಡ್ ಕೋರ್ಟ್'. ಇಬ್ಬರು ಹೊಂಡಕ್ಕಿಳಿದು ಹೊಡೆದಾಡುವ ಆಟ. ಒಬ್ಬ ಇನ್ನೊಬ್ಬನ ಎದೆ ಬಗೆದರೆ ಮುಗಿಯಿತು. ಆದರೆ ಬಗೆಯುವುದು ಹೇಗೆ? ಫುಟ್‌ಪಾತಿನಲ್ಲಿ ಸಿಗುತ್ತಿದ್ದ ಕಳ್ಳ ಸಿ.ಡಿ.ಗೆ ಪ್ಲಾಸ್ಟಿಕ್ ಕವರ್ ಮಾತ್ರ, ಜೊತೆಗೆ ಬರಬೇಕಾದ ಪುಸ್ತಕ ಇರುತ್ತಿರಲಿಲ್ಲ. ಯಾವ ಕಡೆ ಸ್ಟಿಕ್ ಎಳೆದು ಯಾವ ಬಟನ್ ಒತ್ತಬೇಕೆಂದು ಯಾರಿಗೂ ತಿಳಿದಿರಲಿಲ್ಲ. ಹದಿನೈದರ ದುರ್ಗಾ ಆಡಿ ಆಡಿ ಕಂಡುಹಿಡಿದಳು. ಬಾಣದ ಗುರುತು ಹಾಕಿ, ಒಂದೊಂದು ಏಟನ್ನೂ ನೋಟ್‌ಬುಕ್ಕಿನಲ್ಲಿ ಬರೆದಳು.

ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದ ಬಕ್ಕೇಶ್ ಅವಳ ಹತ್ತಿರ ದಿನಾ ಸೋಲುತ್ತಿದ್ದ. ಒಂದು ದಿನ ಅವನ ಸೋಲು ನೋಡಲಾರದೆ, ಅವನ ಕೈಯ ಮೇಲೆ ಕೈಯಿಟ್ಟು ಸ್ಟಿಕ್ ತಿರುಗಿಸಿದಳು. ಆಟ ಮುಗಿದರೂ ಕೈ ತೆಗೆಯಲಿಲ್ಲ. ಬಾಗಿಲಲ್ಲಿ ಯೋಗರಾಜ ನಿಂತಿದ್ದ.

"ಯಾರು ಹಿಡಿದಿದ್ದು? ಅವನಾ, ನೀನಾ?"

"ಅವನೇ," ಅಂದಳು ದುರ್ಗಾ.

ಯೋಗರಾಜ ಬಕ್ಕೇಶನ ಬಲಗೈಯನ್ನು ಹೊಸ್ತಿಲ ಮೇಲೆ ಒತ್ತಿಹಿಡಿದು ಕಬ್ಬಿಣದ ಶಟರ್ ಎಳೆದ. ಎರಡು ಸಲ.

ಮರುದಿನವೇ ಅಪ್ಪ ಪಾರ್ಲರ್ ಮುಚ್ಚಿದ. ದುರ್ಗಾ ಆಸ್ಪತ್ರೆಗೆ ಹೋಗಿ, ನಿದ್ದೆಯಲ್ಲಿದ್ದ ಬಕ್ಕೇಶನ ದಿಂಬಿನಡಿ ನೋಟ್‌ಬುಕ್ ತುರುಕಿ ಬಂದಿದ್ದಳು. ಕ್ಷಮಿಸು ಅಂತ ಬರೆಯಲು ಧೈರ್ಯವಾಗಿರಲಿಲ್ಲ.

"ಇದರಾಗೆ ಏನು ಸುಳ್ಳೈತೆ?" ಅಂದಳು ಈಗ.

"ಎಲ್ಲಾ." ಅವನು ಸಿಟ್ಟಿನಲ್ಲಿ ಉಸಿರಾಡಿದ, ವಾಸನೆಗೆ ಕೆಮ್ಮಿದ. "ಹೋದ ತಿಂಗಳು ಆ ಗೇಮ್ ಮತ್ತೆ ಬಂತು. ಡಿಜಿಟಲ್. ಕೊಂಡುಕೊಂಡ್ರೂ ಮ್ಯಾನ್ಯುಯಲ್ ಇಲ್ಲ. ಹಳೇ ಗೇಮುಗಳ ಹಣೆಬರಾನೇ ಅದು. ಆಟ ಕೊಡ್ತಾರೆ, ಪುಸ್ತಕ ಬಿಟ್ಟುಬಿಡ್ತಾರೆ. ನಾ ಲೇಥ್ ಕೆಲಸಕ್ಕೆ ರಜೆ ಇದ್ದಾಗೆಲ್ಲ ಅಂಥಾ ಪುಸ್ತಕ ಹುಡುಕಿ, ಇಲ್ಲದಿದ್ರೆ ಬರೆದು ನೆಟ್‌ನಾಗೆ ಹಾಕ್ತೀನಿ. ನಿಂದನ್ನೂ ಹಾಕ್ದೆ. ಮುಖಪುಟದಾಗೆ ನಿನ್ನ ಹೆಸರೂ ಹಾಕ್ದೆ. ಇನ್ನೂರು ಜನ ಉಗುಳ್ಯಾರೆ. ಒಂದು ಏಟೂ ಬೀಳಲ್ಲ!"

"ಇಷ್ಟು ವರ್ಷ ಆಡಿ ನೋಡಿರಲಿಲ್ವಾ?"

"ಎಲ್ಲಿ ಆಡೋದು? ನಿಮ್ಮಪ್ಪ ಮುಚ್ಚಿದನಲ್ಲ." ಅವನ ದನಿ ಇಳಿಯಿತು. "ಆಡೋಕಂತ ಇಟ್ಕೊಂಡಿರಲಿಲ್ಲ."

ಅವಳು ಕತ್ತಿ ಕೆಳಗಿಟ್ಟಳು. ಎಂ.ಲಿಬ್. ಓದಿ, ಕಾಲೇಜಿನ ಲೈಬ್ರರಿಯಲ್ಲಿ ಎರಡು ವರ್ಷ ಟೆಂಪರರಿ ದುಡಿದು ಬಂದವಳು. ಪುಸ್ತಕ ಇಟ್ಟುಕೊಳ್ಳುವವರನ್ನು ತುಂಬಾ ನೋಡಿದ್ದಳು. ಹೀಗೆ ಇಟ್ಟುಕೊಂಡವರನ್ನು ನೋಡಿರಲಿಲ್ಲ.

"ಕೊಡು ಫೋನು."

ಸೋಪು ಹಚ್ಚಿ ಎರಡು ಸಲ ಕೈ ತೊಳೆದಳು. ಅವನು ಫೋನಿಗೆ ಸಣ್ಣ ಕಂಟ್ರೋಲರ್ ಸಿಕ್ಕಿಸಿಕೊಟ್ಟ. ಹೊಂಡ, ಪಂಜು, ಇಬ್ಬರು ಕಟ್ಟುಮಸ್ತಾದವರು. ಅವಳ ಹೆಬ್ಬೆರಳು ತಾನಾಗಿ ಎಡಕ್ಕೆ ಹೋಯಿತು. ಅವಳ ಆಳು ಹಿಂದಕ್ಕೆ ನಡೆದು ಗೋಡೆಗೆ ಬೆನ್ನು ಕೊಟ್ಟ. ಎದುರಾಳಿ ಅವನ ತಲೆ ಕಿತ್ತು ಕೈಗೆ ತಗೊಂಡ.

"ಒಂಬತ್ತು ಸೆಕೆಂಡು," ಅಂದ ಬಕ್ಕೇಶ್. "ನೀನೇ ಹಿಂಗಾದ್ರೆ..."

ಅವಳು ಪರದೆಯನ್ನೇ ನೋಡುತ್ತಿದ್ದಳು. ಇನ್ನೊಮ್ಮೆ ಎಡಕ್ಕೆ ಒತ್ತಿದಳು. ಇನ್ನೊಮ್ಮೆ. ಆಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ದಿಮ್ಮಿಗೆ ಒರಗಿದಳು.

"ಎರಡನೇ ಮೆಷಿನ್ನು ನೆನಪೈತಾ?"

"ನೀ ಕೂರೋ ಕಡೆ ಬೇರೆ ಯಾರೂ ಕೂರ್ತಿರಲಿಲ್ಲ. ಆ ಸ್ಟಿಕ್ ಕೆಟ್ಟಿತ್ತು."

"ಕೆಟ್ಟಿರಲಿಲ್ಲ. ಅಪ್ಪ ಬೆಸುಗೆ ಹಾಕುವಾಗ ಆ ಕಡೆ ಸ್ಟಿಕ್ಕಿನ ಎಡ ಬಲದ ವೈರು ಅದಲು ಬದಲು ಮಾಡಿಬಿಟ್ಟಿದ್ದ. ಎಡಕ್ಕೆ ಎಳೆದ್ರೆ ಬಲಕ್ಕೆ ಹೋಗೋದು. ಗಿರಾಕಿ ಕೂರಲ್ಲ ಅಂತ ಅದು ನಂದಾಯ್ತು. ನಾ ಕಲಿತಿದ್ದೆಲ್ಲ ಅದರ ಮೇಲೆ. ಬರೆದಿದ್ದೂ."

ಬಕ್ಕೇಶ್ ನೋಟ್‌ಬುಕ್ ತೆರೆದು ಹನ್ನೆರಡನೇ ಪುಟದ ಬಾಣಗಳನ್ನು ನೋಡಿದ. ಫೋನು ಇಸಕೊಂಡು ಎಲ್ಲ ಬಾಣಗಳನ್ನೂ ತಿರುವಿ ಒತ್ತಿದ. ಅವನ ಆಳು ಎಗರಿ, ಎದುರಿನವನ ಎದೆಗೆ ಮುಷ್ಟಿ ಇಳಿಸಿ, ಗುಂಡಿಗೆ ಕಿತ್ತು ಮೇಲೆತ್ತಿದ. ಪರದೆಯೆಲ್ಲ ಕೆಂಪಾಯಿತು.

"ಬಿತ್ತು!" ಇಬ್ಬರೂ ಒಟ್ಟಿಗೆ ಕೂಗಿದರು.

ಅವಳ ಕೆನ್ನೆಯ ಮೇಲೆ ಸಣ್ಣ ಬಿಳಿ ಪುಕ್ಕ ಅಂಟಿತ್ತು. ಅವನು ಅದನ್ನೇ ನೋಡಿದ. ತೆಗೆಯಲು ಕೈ ಎತ್ತಿ, ಬಾಗಿದ ಬೆರಳು ಕಂಡು ಕೈ ಇಳಿಸಿದ.

"ಹಂಗಾದ್ರೆ ಇದು ಬೇಕಂತ ಮಾಡಿದ್ದಲ್ಲ?"

"ನಿನ್ನ ಸೋಲಿಸೋಕೆ ನೂರು ಪುಟ ಬೇಕಿತ್ತಾ? ದಿನಾ ಸುಮ್ನೆ ಸೋಲ್ತಿದ್ದೆ."

"ನೀನು ನನ್ನ ಕಡೆ ತಿರುಗಲಿ ಅಂತ ಸೋಲ್ತಿದ್ದೆ."

"ಸುಳ್ಳ."

"ಅರ್ಧ ಸುಳ್ಳು."

ಹೊರಗೆ ಲಗೇಜ್ ಆಟೋ ನಿಂತ ಸದ್ದಾಯಿತು. ಕುಕ್ಕುವಾಡದ ಫಾರಂನಿಂದ ಕೋಳಿ ತಂದ ಯೋಗರಾಜ ಎರಡು ಪಂಜರ ಹೊತ್ತು ಒಳಬಂದ. ಗಿರಾಕಿ ಅಂದುಕೊಂಡು ನಕ್ಕ. ಆಮೇಲೆ ಆ ಬೆರಳುಗಳನ್ನು ಕಂಡ.

ಪಂಜರಗಳು ನೆಲಕ್ಕೆ ಬಿದ್ದವು. ಬಕ್ಕೇಶ್ ಬಾಯಿ ತೆರೆಯುವಷ್ಟರಲ್ಲಿ ಅವನದೇ ಹೆಲ್ಮೆಟ್ ಅವನ ದವಡೆಗೆ ಬಡಿಯಿತು. ಅವನು ಒದ್ದೆ ನೆಲದ ಮೇಲೆ ಜಾರಿ ಬಿದ್ದ. ಯೋಗರಾಜ ಪಕ್ಕೆಗೆ ಒದ್ದ. ಮತ್ತೆ ಒದ್ದ. ಪಂಜರದಲ್ಲಿ ಕೋಳಿಗಳು ಕಿರಿಚುತ್ತಿದ್ದವು. ಪುಕ್ಕ ಹಾರಿ ರಕ್ತಕ್ಕೆ ಅಂಟಿತು.

"ನಿಮ್ಮನೆಯೋರು ನಮ್ಮನೆ ನೀರು ಕುಡಿಯಲ್ಲ. ನಮ್ಮನೆ ಹುಡುಗಿ ಬೇಕಾ? ಒಂದು ಕೈಗೆ ಬುದ್ಧಿ ಬರಲಿಲ್ವಾ?"

ಕೂದಲು ಹಿಡಿದು ಎಬ್ಬಿಸಿ, ಬಕ್ಕೇಶನ ಎಡಗೈಯನ್ನು ದಿಮ್ಮಿಯ ಮೇಲೆ ಚಪ್ಪಟೆ ಮಾಡಿ ಒತ್ತಿದ. ಲೇಥ್ ನಡೆಸುವ ಕೈ, ಸರಿಯಾಗಿ ಉಳಿದಿದ್ದ ಒಂದೇ ಕೈ. ಇನ್ನೊಂದು ಕೈಯಿಂದ ಕತ್ತಿ ಎತ್ತಿ ಹಿಡಿದ.

"ಹೇಳೇ. ಇವನಾಗೇ ಬಂದನಾ, ನೀ ಕರೆದೆಯಾ?"

ಅದೇ ಪ್ರಶ್ನೆ. ಅದೇ ಬಾಗಿಲು. ಬಕ್ಕೇಶ್ ರಕ್ತದ ಜೊತೆ ಒಂದು ಹಲ್ಲೂ ಉಗುಳಿ, "ನಾನೇ ಬಂದೆ ಅಣ್ಣ. ಅವಳದೇನಿಲ್ಲ," ಅಂದ. ಅವಳತ್ತ ನೋಡಿ, ಬ್ಯಾಡ ಅಂತ ಸಣ್ಣಗೆ ತಲೆಯಾಡಿಸಿದ.

"ಇವತ್ತು ಅವನೇ ಬಂದ," ಅಂದಳು ದುರ್ಗಾ. "ಅವತ್ತು ಕೈ ಹಿಡಿದಿದ್ದು ನಾನು."

ಕತ್ತಿ ಮೇಲೆಯೇ ನಿಂತಿತು.

"ಏನಂದೆ?"

"ನಾನು ಹಿಡಿದೆ. ನೀ ಕೇಳಿದಾಗ ಹೆದರಿ ಅವನ ಹೆಸರು ಹೇಳಿದೆ. ನೀನು ಮುರಿದಿದ್ದು ತಪ್ಪು ಕೈ, ಅಣ್ಣ."

ಯೋಗರಾಜ ಕತ್ತಿಯ ಹಿಡಿಯಿಂದಲೇ ಅವಳ ಬಾಯಿಗೆ ಬೀಸಿದ. ತುಟಿ ಹರಿಯಿತು. ಅವಳು ಬೀಳಲಿಲ್ಲ. ಹಿಂದೆ ಸರಿಯಲೂ ಇಲ್ಲ.

"ಇನ್ನೊಂದು ಹೊಡಿ. ಅವತ್ತು ಎರಡು ಸಲ ಎಳೆದಿದ್ದೆ."

ಅವಳನ್ನು ಓದಿಸಿದ್ದು ಯೋಗರಾಜ. ಅಪ್ಪ ಹೋದ ಮೇಲೆ ಅವಳ ಜ್ವರಕ್ಕೆ ಗಂಜಿ ಕಾಸಿದ್ದೂ ಅವನೇ. ಅವನು ಅವಳ ಬಾಯಿ ನೋಡಿದ, ಬಕ್ಕೇಶನ ಬಲಗೈ ನೋಡಿದ, ಆಮೇಲೆ ತನ್ನ ಕೈಯಲ್ಲಿದ್ದ ಕತ್ತಿ ನೋಡಿದ. ಅದನ್ನು ನೀರಿನ ಬಕೆಟ್ಟಿಗೆ ಎಸೆದು, ಉರುಳಿದ ಪಂಜರದ ಮೇಲೆ ಕುಸಿದು ಕೂತ.

"ಹೋಗೇ," ಅಂದ. "ನಾ ಏಳೋಕೆ ಮುಂಚೆ ಹೋಗು."

ಅವಳು ಏಪ್ರನ್ ಬಿಚ್ಚಿ ದಿಮ್ಮಿಯ ಮೇಲೆ ಹಾಕಿದಳು. ಬಕ್ಕೇಶನ ತೋಳಿಗೆ ಹೆಗಲು ಕೊಟ್ಟು ಹೊರಗೆ ನಡೆಸಿಕೊಂಡು ಬಂದಳು.

ಹರಿಹರದ ಸೇತುವೆ ಹತ್ತಿರ, ಕಬ್ಬಿನ ಹಾಲಿನ ಗಾಡಿಯ ಪಕ್ಕ ಬೈಕ್ ನಿಂತಿತು. ಗಾಡಿಯಾಕೆ ಇಬ್ಬರ ಮುಖ ನೋಡಿ ಏನೂ ಕೇಳದೆ ಕರವಸ್ತ್ರದ ತುಂಬ ಐಸ್ ಕೊಟ್ಟಳು. ಕೆಳಗೆ ತುಂಗಭದ್ರೆ ತೆಳ್ಳಗೆ ಹರಿಯುತ್ತಿತ್ತು.

"ನಾ ಹೇಳಿದ್ದು ಸುಳ್ಳು ಅಂತ ಅವತ್ತೇ ಗೊತ್ತಿತ್ತಲ್ಲ. ಯಾಕ ಬಾಯಿ ಬಿಡಲಿಲ್ಲ?"

"ಬಿಟ್ಟಿದ್ರೆ ಹೊಸ್ತಿಲ ಮೇಲೆ ನಿನ್ನ ಕೈ ಇರ್ತಿತ್ತು."

ಅವಳು ನದಿ ನೋಡಿದಳು. ಅವನು ಅವಳ ಕುರ್ತಾ ನೋಡಿದ.

"ಇದರಾಗೆ ನಿನ್ನ ರಕ್ತ ಯಾವುದು, ಕೋಳಿದು ಯಾವುದು?"

"ಯಾಕ, ಕೋಳಿದಾದ್ರೆ ಮುಟ್ಟಲ್ವಾ?"

"ಹಿಂದೆ ಕೂತು ಹದಿನಾಲ್ಕು ಕಿಲೋಮೀಟರ್ ನನ್ನ ಬೆನ್ನಿಗೆ ಒರೆಸಿದ್ದೀಯ. ಇನ್ನೇನು ಮುಟ್ಟೋದು ಉಳಿದೈತೆ?" ಹಲ್ಲಿಲ್ಲದ ಸಂದಿಯಿಂದ ನಕ್ಕು, ನೋವಿಗೆ ಮುಖ ಕಿವುಚಿದ. "ಮನೆಗೆ ಹೋಗಾಣ. ಅವ್ವ ಮೊದಲು ನೀರು ಕೊಡ್ತಾಳೆ. ಆಮೇಲೆ ಬೈತಾಳೆ."

"ಕೋಳಿ ಅಂಗಡಿಯೋಳು ಅಂತನಾ?"

"ಅದೂ ಐತೆ. ಜಗಳ ಆಗ್ತೈತೆ, ಸುಳ್ಳು ಹೇಳಲ್ಲ. ನಾ ಹನ್ನೊಂದು ಹೆಣ್ಣು ಬ್ಯಾಡ ಅಂದಿದ್ದಕ್ಕೆ ಕಾರಣ ಕೇಳ್ತಿದ್ಲು. ಕರ್ಕೊಂಡು ಹೋಗಿ ತೋರಿಸ್ತೀನಿ."

ಅವನು ಐಸ್ ಅವಳ ತುಟಿಗೆ ಒತ್ತಿದ. ಅವಳ ಕಣ್ಣಲ್ಲಿ ನೀರು ಬಂತು. ಅಪ್ಪ ಹೋದಾಗಲೂ ಬಂದಿರಲಿಲ್ಲ.

"ನೋವಾಗ್ತೈತಾ?"

"ಹೂಂ."

"ತೆಗೀಲಾ?"

"ಬ್ಯಾಡ," ಅಂದಳು ದುರ್ಗಾ. "ಇರ್ಲಿ."