ಕಹಿಯಾದ ಚಕ್ಕೋತ

ಈರಭದ್ರಪ್ಪನವರು ಪಡಸಾಲೆಯ ಕಂಬಕ್ಕೆ ಒರಗಿದ್ದಂತೆಯೇ ಸತ್ತಿದ್ದರು. ಬಲಗೈ ಎದೆಯ ಮೇಲೆ. ಎಡಗೈಯಲ್ಲಿ ಬಾಯಿಗಿಡದೇ ಉಳಿದ ಒಂದು ಚಕ್ಕೋತದ ತೊಳೆ.

ಮೊದಲು ಕಂಡವಳು ಸೊಸೆ ಹಾಲಮ್ಮ. ಕೂಗಿಕೊಂಡವಳು ಅತ್ತೆ ದ್ಯಾಮಮ್ಮ.

"ಕೊಂದ್ಬಿಟ್ಲು! ಹಣ್ಣಿಗೆ ವಿಷ ಹಾಕಿ ನಮ್ಮ ಯಜಮಾನ್ರನ್ನ ಕೊಂದ್ಬಿಟ್ಲು!"

ಅಜ್ಜಂಪುರದ ಆ ಬೀದಿಗೆ ಅಷ್ಟು ಸಾಕಾಯಿತು. ಗಂಡ ತೀರಿಹೋದ ಮೂರು ವರ್ಷದಿಂದ ಹಾಲಮ್ಮನಿಗೆ ಆ ಮನೆಯಲ್ಲಿ ದಿಕ್ಕಾಗಿದ್ದವರು ಮಾವ ಒಬ್ಬರೇ. ಈಗ ಅವರ ತಮ್ಮ ತಿಮ್ಮಪ್ಪ ಅವಳ ತೋಳು ಹಿಡಿದೆಳೆದು, ಕೊಟ್ಟಿಗೆಗೆ ನೂಕಿ, ಅಗಳಿ ಹಾಕಿದ. ಸೈಕಲ್ ಏರಿ ಸ್ಟೇಷನ್ನಿಗೆ ಓಡಿದವನೂ ಅವನೇ. ೧೯೮೪ರ ಡಿಸೆಂಬರ್, ಒಂದು ಬುಧವಾರ.

ದಫೇದಾರ ಸಣ್ಣಬೀರಪ್ಪ ಬಂದವನೇ ಅಗಳಿ ತೆಗೆಸಿದ. ಅವನ ಮುಖದಲ್ಲೂ ಕರುಣೆಯಿರಲಿಲ್ಲ.

"ಹಣ್ಣು ಬಿಡಿಸಿ ಕೊಟ್ಟೋಳು?"

"ನಾನೇ, ಸ್ವಾಮಿ."

"ದಿನಾ ಕೊಡ್ತಿದ್ಯಾ? ಯಾತಕ್ಕೆ?"

"ಪ್ರೆಶರ್ ಇರೋರಿಗೆ ಒಳ್ಳೇದು, ಹೃದಯಕ್ಕೂ ಒಳ್ಳೇದು ಅಂತ ಡಾಕ್ಟ್ರು ಹೇಳಿದ್ರು. ಇಡೀ ಗುಳಿಗೆ ಮಾವನವ್ರಿಗೆ ಗಂಟಲಲ್ಲಿ ಇಳೀತಿರ್ಲಿಲ್ಲ. ಅರೆದು ನೀರಲ್ಲಿ ಕಲಸಿ ಕೊಡ್ತಿದ್ದೆ. ಅದರ ಹಿಂದೇನೇ ನಾಲ್ಕು ತೊಳೆ ಹಣ್ಣು."

"ಹತ್ತು ದಿನದಿಂದ ಹಣ್ಣು ಕಹಿ ಅಂತ ಉಗೀತಿದ್ರು!" ದ್ಯಾಮಮ್ಮ ನಡುವೆ ನುಗ್ಗಿದಳು. "ಕಿವಿಯಾರೆ ಕೇಳಿದೀನಿ. ಇಲ್ಲ ಅನ್ಲಿ ನೋಡಾನ!"

"ನಿಜವೇನಮ್ಮ?"

"ನಿಜ. ಆದ್ರೆ ಮರ ಅದೇ. ಉಳಿದ ತೊಳೆ ನಾನೇ ತಿಂತಿದ್ದೆ. ನನಗೇನೂ ಕಹಿ ಇರ್ಲಿಲ್ಲ."

"ಸುಳ್ಳು ಬೊಗಳ್ತಾಳೆ," ಎಂದ ತಿಮ್ಮಪ್ಪ. "ಎಳ್ಕೊಂಡ್ ಹೋಗಿ ಇವ್ಳನ್ನ!"

ಸಣ್ಣಬೀರಪ್ಪ ಹೆಣದ ಪಕ್ಕದಲ್ಲಿದ್ದ ಹಣ್ಣಿನ ತಟ್ಟೆಯನ್ನು ಅವಳತ್ತ ತಳ್ಳಿದ. "ತಿನ್ನು."

ಇಡೀ ಬೀದಿ ನೋಡುತ್ತಿತ್ತು. ಹಾಲಮ್ಮ ತಟ್ಟೆ ಕೈಗೆತ್ತಿಕೊಂಡಳು. ಉಳಿದಿದ್ದ ಎರಡೂ ತೊಳೆಗಳನ್ನು ಅಗಿದು ನುಂಗಿದಳು.

ದಫೇದಾರ ಅವಳನ್ನೇ ದಿಟ್ಟಿಸಿದ. ಆಮೇಲೆ ಕೇಳಿದ್ದು ಬೇರೆಯೇ ಪ್ರಶ್ನೆ.

"ಔಷಧಿ ಕುಡಿಯೋವಾಗ ನಿಮ್ಮ ಮಾವ ಮುಖ ಕಿವುಚ್ತಿದ್ರಾ?"

"ಮುಂಚೆ ಬಾಳ ಕಿವುಚ್ತಿದ್ರು. ಈಚೆಗೆ ಇಲ್ಲ. ಅಭ್ಯಾಸ ಆಯ್ತೇನೋ ಅಂದ್ಕೊಂಡೆ."

"ಈಚೆಗೆ ಅಂದ್ರೆ?"

"ಹೊಸ ಪೊಟ್ಟಣ ಬಂದಾಗಿಂದ. ಚಿಕ್ಕಮಾವ ಕಡೂರಿಂದ ತಂದ್ಕೊಟ್ಟಿದ್ದು."

ಪೊಟ್ಟಣ ದಫೇದಾರನ ಜೇಬು ಸೇರಿತು. ಹೆಣ ಆಸ್ಪತ್ರೆಗೆ ಹೋಯಿತು.

ಹಾಲಮ್ಮ ಮೂರು ರಾತ್ರಿ ಕೊಟ್ಟಿಗೆಯಲ್ಲೇ ಮಲಗಿದಳು. ಅವಳೊಡನೆ ಯಾರೂ ಮಾತಾಡಲಿಲ್ಲ. ಬೇಲಿಯಾಚೆ ನಿಂತ ಹೆಂಗಸರು ಅವಳಿಗೆ ಕೇಳಿಸುವಂತೆಯೇ ಶಪಿಸಿದರು.

ಶನಿವಾರ ಸಣ್ಣಬೀರಪ್ಪ ಮತ್ತೆ ಬಂದ. ಜೊತೆಗೆ ಇಬ್ಬರು ಕಾನ್‌ಸ್ಟೇಬಲ್‌ಗಳು. ಅವಳು ಎದ್ದು ನಿಂತಳು — ತನ್ನನ್ನು ಒಯ್ಯಲೆಂದೇ ಬಂದಿದ್ದಾರೆ!

"ಹಣ್ಣಲ್ಲಿ ಏನೂ ಇರ್ಲಿಲ್ಲ, ಎದೆ ನಿಂತು ಸತ್ರು ಅಂತ ಆಸ್ಪತ್ರೆಯೋರು ಹೇಳಿದ್ರು," ಎಂದ ದಫೇದಾರ. "ಹಣ್ಣು ಬದಲಾಗಿರ್ಲಿಲ್ಲ, ನಾಲಿಗೆ ಬದಲಾಗಿತ್ತು. ಕಹಿ ಗುಳಿಗೆ ಕುಡಿದ ಬಾಯಿಗೆ ಚಕ್ಕೋತ ಸಿಹಿ. ಸಿಹಿ ಕುಡಿದ ಬಾಯಿಗೆ ಅದೇ ಚಕ್ಕೋತ ಕಹಿ. ಕಹಿ ಕಹಿ ಅಂತ ನೀವೆಲ್ಲ ಹಣ್ಣನ್ನೇ ಬೈದ್ರಿ. ಅದಕ್ಕೆ ಮುಂಚೆ ಅವ್ರು ಕುಡಿದಿದ್ದೇನು ಅಂತ ಒಬ್ರೂ ಕೇಳ್ಲಿಲ್ಲ."

"ಅಂದ್ರೆ?" ದ್ಯಾಮಮ್ಮನ ದನಿ ಇಳಿಯಿತು.

"ಆರು ವರ್ಷದಿಂದ ನಾನೂ ಅದೇ ಪ್ರೆಶರ್ ಗುಳಿಗೆ ನುಂಗ್ತಿದೀನಿ. ನಾಲಿಗೆಗೆ ತಾಕಿದ್ರೆ ಮಧ್ಯಾಹ್ನದವರೆಗೂ ಕಹಿ ಹೋಗಲ್ಲ. ಪೊಟ್ಟಣದ್ದೊಂದು ನೆಕ್ಕಿ ನೋಡ್ದೆ — ಸಿಹಿ! ಬಸುರಿಯರಿಗೆ ಕೊಡೋ ಸುಣ್ಣದ ಗುಳಿಗೆ, ಕ್ಯಾಲ್ಸಿಯಂ ಅಂದ ಕಡೂರಿನ ಅಂಗಡಿಯೋನು. ಡಾಕ್ಟ್ರನ್ನ ಕೇಳ್ದೆ. ಚಕ್ಕೋತ ಒಳ್ಳೇದೇ, ಆದ್ರೆ ಅದೊಂದೇ ಪ್ರೆಶರ್ ಹಿಡಿದಿಡಲ್ಲ ಅಂದ್ರು. ಗುಳಿಗೆ ಒಂದೇ ಸಲಕ್ಕೆ ನಿಲ್ಲಿಸಿದ್ರೆ ಎದೆ ಹಿಡ್ಕೊಂಡು ಪ್ರಾಣ ಹೋಗ್ಬಹುದು ಅಂತ ಈರಭದ್ರಪ್ಪನವ್ರಿಗೆ ಎಚ್ಚರಿಕೆ ಕೊಟ್ಟಿದ್ರಂತೆ. ಆಗ ಪಕ್ಕದಲ್ಲಿ ಕೂತಿದ್ದೋರು ಯಾರು, ತಿಮ್ಮಪ್ಪ?"

ತಿಮ್ಮಪ್ಪ ಬಾಗಿಲ ಕಡೆ ನೋಡಿದ. ಕಾನ್‌ಸ್ಟೇಬಲ್ ಅಲ್ಲಿ ನಿಂತಿದ್ದ.

"ಅಂಗಡಿಯೋನು ತಪ್ಪು ಕೊಟ್ಟಿರ್ಬೇಕು..."

"ಸೊಸೆ ಬಸುರಿ, ಸುಣ್ಣದ ಗುಳಿಗೆ ಬೇಕು ಅಂತ ನೀನೇ ಕೇಳಿ ತಗೊಂಡ್ಯಂತೆ. ನಿನಗೆ ಸೊಸೆ ಎಲ್ಲಿದ್ದಾಳಯ್ಯ?" ದಫೇದಾರ ಒಂದು ಕಾಗದ ಬಿಚ್ಚಿದ. "ತರೀಕೆರೆ ತಾಲ್ಲೂಕು ಕಚೇರಿ ನೋಟಿಸು. ತೆಂಗಿನ ತೋಟದ ಖಾತೆ ತಮ್ಮನ ಹೆಸರಿಗೆ ಮಾಡಿ ಅಂತ ಅಣ್ಣನ ರುಜು ಇರೋ ಅರ್ಜಿ ಅಲ್ಲಿಗೆ ಹೋಗಿದೆ. ರುಜು ನಿಮ್ದೇನಾ ಅಂತ ಕೇಳೋಕೆ ಅಮಲ್ದಾರ್ರು ಬರೋ ಸೋಮವಾರಕ್ಕೆ ಕರೆದಿದ್ರು. ಅಣ್ಣ ಹೋಗಿದ್ರೆ ನಿನ್ನ ಕಳ್ಳ ರುಜು ಬಯಲಾಗ್ತಿತ್ತು. ಅದಕ್ಕೇ ಅಣ್ಣ ಸೋಮವಾರ ನೋಡಬಾರದಾಗಿತ್ತು."

"ನಾನು ಅಣ್ಣನ್ನ ಮುಟ್ಟೂ ಇಲ್ಲ!" ತಿಮ್ಮಪ್ಪ ಕಿರುಚಿದ. "ಅರೆದು ಕುಡಿಸಿದ್ದು ಇವ್ಳು!"

ಹಾಲಮ್ಮನಿಗೆ ಈಗ ತಿಳಿಯಿತು: ಹತ್ತು ದಿನ ತನ್ನ ಕೈಯಿಂದಲೇ ಅರೆದು ಕುಡಿಸಿದ್ದು ಬರೀ ಸುಣ್ಣ. ಮಾವ ನಂಬಿ ಕುಡಿದಿದ್ದರು. ಅವಳು ಹೋಗಿ ತಿಮ್ಮಪ್ಪನ ಮುಖಕ್ಕೆ ಉಗಿದಳು. ಯಾರೂ ತಡೆಯಲಿಲ್ಲ.

ಜೀಪು ಹೋದ ಮೇಲೆ ದ್ಯಾಮಮ್ಮ ಹತ್ತಿರ ಬಂದಳು.

"ನಂಗೇನು ಗೊತ್ತಿತ್ತೇ, ಹಾಲಿ..."

"ಕೇಳಿದ್ರೆ ಗೊತ್ತಾಗ್ತಿತ್ತು. ನೀವು ಕೇಳ್ಲಿಲ್ಲ, ಕೂಗಿದ್ರಿ."

ದಫೇದಾರನಿಂದ ಕೇಳಿ ಪಡೆದಿದ್ದ ನೋಟಿಸಿನ ನಕಲನ್ನು ಹಾಲಮ್ಮ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಎಲ್ಲಿಗೇ?"

"ಅಮೃತಾಪುರಕ್ಕೆ, ಅಪ್ಪನ ಮನೆಗೆ. ಸೋಮವಾರ ತರೀಕೆರೆಗೆ ಹೋಗ್ತೀನಿ. ಮಾವನವ್ರು ಹೇಳ್ಬೇಕಾಗಿದ್ದನ್ನ ನಾನು ಹೇಳ್ತೀನಿ. ತೋಟದಲ್ಲಿ ನನ್ ಗಂಡನ ಪಾಲೂ ಇದೆ, ಅದನ್ನೂ ಕೇಳ್ತೀನಿ. ನೀವು ಬಂದ್ರೆ ಅಲ್ಲೇ ಸಿಗೋಣ."